ಕಾನ್ವೆಂಟ್ ಗೇಟಿನ ಮುಂದಿನ ಸಾಲು: ಬಳ್ಳಾರಿ–ರಾಯಚೂರು ಸೀಮೆಯ ಎರಡು ಶತಮಾನದ ಕತೆ

ಸಂಕ್ರಾಂತಿ ಮುಗಿಯುತ್ತಲೇ ಬಳ್ಳಾರಿ, ರಾಯಚೂರು, ಗಂಗಾವತಿಯ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ‘ಅಪ್ಲಿಕೇಶನ್ ಯಾವಾಗ ಕೊಡ್ತಾರಂತ್ರೀ?’ ಯಾವ ಶಾಲೆಯದು ಎಂದು ಯಾರೂ ಕೇಳುವುದಿಲ್ಲ. ಗೋಡೆಯ ಮೇಲೆ ಯಾವ ಸಂತರ ಹೆಸರೇ ಇರಲಿ, ಊರಿನವರ ಬಾಯಲ್ಲಿ ಅದು ‘ಕಾನ್ವೆಂಟ್’. ಅರ್ಜಿ ಕೊಡುವ ದಿನ ಗೇಟಿನ ಮುಂದೆ ನಿಂತವರನ್ನು ಒಮ್ಮೆ ನೋಡಬೇಕು. ಹಣೆಗೆ ವಿಭೂತಿ ಹಚ್ಚಿದವರು, ಬುರ್ಖಾ ತೊಟ್ಟವರು, ಅದಿರು ಲಾರಿಯ ಚಾಲಕರು, ಅಕ್ಕಿ ಗಿರಣಿಯ ಸಾಹುಕಾರರು, ಸರ್ಕಾರಿ ಶಾಲೆಯ ಮೇಷ್ಟ್ರುಗಳು. ಆ ಸಾಲಿನಲ್ಲಿ ಅತಿ ಕಡಿಮೆ ಇರುವವರು ಕ್ರೈಸ್ತರೇ.

ಈ ಸಾಲಿನ ಬಗ್ಗೆ ಎರಡು ವಾದಗಳು ಸಿದ್ಧವಾಗಿಯೇ ಇರುತ್ತವೆ. ಶಾಲೆಯ ನೆಪದಲ್ಲಿ ಕ್ರೈಸ್ತ ಮತ ಬರುತ್ತದೆ ಎನ್ನುವುದು ಒಂದು. ಜನರಿಗೆ ಇಂಗ್ಲಿಷಿನ ಹುಚ್ಚು ಎನ್ನುವುದು ಇನ್ನೊಂದು. ಎರಡರಲ್ಲಿ ಯಾವುದನ್ನು ಒಪ್ಪಿದರೂ ಸಾಲಿನಲ್ಲಿ ನಿಂತವರನ್ನು ಮಾತಾಡಿಸುವ ಶ್ರಮ ತಪ್ಪುತ್ತದೆ. ಮಾತಾಡಿಸಿದರೆ ಕತೆ ಬಹಳ ಹಿಂದಕ್ಕೆ ಹೋಗುತ್ತದೆ.

1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಹತ್ತೇ ವರ್ಷಕ್ಕೆ, 1810ರಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇಲ್ಲಿಗೆ ಬಂದ. ಬಂದವನು ಮೊದಲು ಕನ್ನಡ ಕಲಿತ, ಆಮೇಲೆ ಬೈಬಲನ್ನು ಕನ್ನಡಕ್ಕೆ ತರಲು ಕೂತ. ಅದೇ ಮಿಷನ್ನಿನ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನೂ 1832ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನೂ ಹೊರತಂದ. ಮಂಗಳೂರಿನಲ್ಲಿ 1843ರಲ್ಲಿ ಹುಟ್ಟಿದ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಮರುವರ್ಷ ‘ಕನ್ನಡ ಸಮಾಚಾರ’ವಾಗಿ ಅಚ್ಚಾದದ್ದೂ ಬಳ್ಳಾರಿಯಲ್ಲೇ. ಕನ್ನಡದಲ್ಲಿ ಓದು ಬರಹ ಕಲಿಸಿದರೆ ಜನ ತಮ್ಮ ಗ್ರಂಥ ಓದಿಯಾರು ಎಂಬ ಲೆಕ್ಕ ಅವರದು. ಆ ಲೆಕ್ಕ ಎಷ್ಟು ಫಲಿಸಿತೋ, ಓದು ಬರಹವಂತೂ ನಿಂತಿತು. 1846ರಲ್ಲಿ ಶುರುವಾದ ವಾರ್ಡ್ಲಾ ಶಾಲೆ ಮುಂದೆ ಕಾಲೇಜಿನ ಮಟ್ಟಕ್ಕೂ ಏರಿತು.

ಆದರೆ ‘ಕಾನ್ವೆಂಟ್’ ಎಂದಾಗ ಊರಿನವರ ಕಣ್ಣಿಗೆ ಬರುವುದು ಈ ಕನ್ನಡದ ಮಿಷನ್ ಶಾಲೆ ಅಲ್ಲ. ಬಳ್ಳಾರಿ ದಂಡಿನ ಊರು. ಕಂಟೋನ್ಮೆಂಟಿನಲ್ಲಿ ಬಿಳಿ ಸಿಪಾಯಿಗಳಿದ್ದರು, ಅವರಲ್ಲಿ ಐರಿಷ್ ಕ್ಯಾಥೊಲಿಕರೂ ಇದ್ದರು. ಪಾದ್ರಿಗಳು ಬಂದದ್ದು ಮೊದಲು ಅವರಿಗಾಗಿ, ಸಿಸ್ಟರುಗಳು ಬಂದದ್ದು ಅವರ ಮಕ್ಕಳಿಗಾಗಿ. ಇಂಗ್ಲಿಷ್ ಪಾಠ, ಸಮವಸ್ತ್ರ, ಗಂಟೆ, ಸಾಲಾಗಿ ನಿಲ್ಲುವುದು ಎಲ್ಲವೂ ಆ ದಂಡಿನ ಬಳುವಳಿ. ಬ್ರಿಟಿಷರ ದಂಡು ಖಾಲಿಯಾದ ಮೇಲೆ ಅದೇ ಬೆಂಚಿನ ಮೇಲೆ ವಕೀಲರ, ವರ್ತಕರ ಮಕ್ಕಳು ಕೂತರು. ಕ್ರೈಸ್ತ ಶಾಲೆ ಎಂದರೆ ಒಂದೇ ವಂಶವೆಂದು ನಾವು ತಿಳಿದಿದ್ದೇವೆ. ಇಲ್ಲಿ ಅವು ಎರಡು: ಬಡವರಿಗೆ ಕನ್ನಡ, ತೆಲುಗು ಕಲಿಸಿದ್ದು ಒಂದು, ದೊರೆಮಕ್ಕಳಿಗೆ ಇಂಗ್ಲಿಷ್ ಕಲಿಸಿದ್ದು ಇನ್ನೊಂದು. ಇಂದಿನ ಗೊಂದಲದ ಅರ್ಧ ಪಾಲು ಈ ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಹುಟ್ಟಿದೆ.

ತುಂಗಭದ್ರೆಯ ಆಚೆ ದಡದ ಕತೆಯೇ ಬೇರೆ. ರಾಯಚೂರು, ಕೊಪ್ಪಳ ನಿಜಾಮನ ರಾಜ್ಯ. ಕಚೇರಿಯ ಭಾಷೆ ಉರ್ದು, ಮೇಲಿನ ತರಗತಿಗಳ ಪಾಠವೂ ಉರ್ದು. ಶಾಲೆಗಳೇ ವಿರಳ, ಇದ್ದ ಕಡೆ ಮನೆಮಾತು ಹೊರಗೆ. ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆಯನ್ನು ಹಿರಿಯರು ಇಂದಿಗೂ ಅಭಿಮಾನದಿಂದ ನೆನೆಯುವುದು ಸುಮ್ಮನೆ ಅಲ್ಲ. ಮೆಥೊಡಿಸ್ಟ್ ಮಿಷನ್ ರಾಯಚೂರಿಗೆ ಬಂತು. ಮುದಗಲ್ಲಿನಲ್ಲಂತೂ ಆದಿಲ್‌ಶಾಹಿ ಕಾಲದಿಂದಲೂ ಕ್ಯಾಥೊಲಿಕ್ ಕುಟುಂಬಗಳಿದ್ದವು. 1948ರಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು, 1949ರಲ್ಲಿ ಬಳ್ಳಾರಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ ಆಯಿತು, 1953ರಲ್ಲಿ ಬಳ್ಳಾರಿಯೂ 1956ರಲ್ಲಿ ರಾಯಚೂರೂ ಮೈಸೂರು ರಾಜ್ಯಕ್ಕೆ ಸೇರಿದವು. ನಂತರದ ಮೂರು ದಶಕ ಸರ್ಕಾರಿ ಶಾಲೆ ಹಳ್ಳಿಹಳ್ಳಿಗೆ ಹೋಯಿತು. ಕಟ್ಟಡ ಮೊದಲು ಹೋಯಿತು, ಮೇಷ್ಟ್ರು ಆಮೇಲೆ.

ಅಷ್ಟರಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟಿಯಾಗಿತ್ತು. ಕಾಲುವೆಯ ನೀರಿನ ಹಿಂದೆ ಆಂಧ್ರದ ರೈತರು ಬಂದು ಸಿಂಧನೂರು, ಗಂಗಾವತಿ, ಸಿರುಗುಪ್ಪದ ಸುತ್ತ ‘ಕ್ಯಾಂಪು’ಗಳನ್ನು ಕಟ್ಟಿಕೊಂಡರು. ಅವರ ಮನೆಮಾತು ತೆಲುಗು, ಊರಿನದು ಕನ್ನಡ. ಮಕ್ಕಳನ್ನು ಯಾವ ಭಾಷೆಯಲ್ಲಿ ಓದಿಸಬೇಕೆಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಇಂಗ್ಲಿಷ್. ಗಂಗಾವತಿಯಂಥ ಊರಿಗೆ ಕಾನ್ವೆಂಟಿನ ಚಟ ಹತ್ತಿದ್ದರಲ್ಲಿ ಭತ್ತದ ಪಾಲು ದೊಡ್ಡದು. ಇದನ್ನು ಯಾವ ಶಿಕ್ಷಣ ವರದಿಯಲ್ಲೂ ನಾನು ಓದಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ.

ಎಂಬತ್ತರ ದಶಕದಿಂದ ಗಂಟು ಬಿಗಿಯಾಯಿತು. ಗೋಕಾಕ್ ವರದಿ, 1982ರ ಚಳವಳಿ ಕನ್ನಡಕ್ಕೆ ಶಾಲೆಯಲ್ಲಿ ಮೊದಲ ಮಣೆ ಕೇಳಿದವು. ಆಮೇಲೆ ಅನುದಾನದ ಬಾಗಿಲು ಮುಚ್ಚುತ್ತ ಬಂತು. 1987ರ ನಂತರ ಶುರುವಾದ ಖಾಸಗಿ ಶಾಲೆಗೆ ಸರ್ಕಾರದ ಸಂಬಳ ಸಿಗುವುದು ಕನಸಾಯಿತು. ಹಳೆಯ ಶಾಲೆಗಳಲ್ಲೂ ನಿವೃತ್ತರಾದವರ ಜಾಗ ತುಂಬುವುದು ತಡವಾಯಿತು. ಹೊಸ ಶಾಲೆ ನಡೆಯಬೇಕೆಂದರೆ ಫೀಸೇ ಆಧಾರ, ಫೀಸು ಕೊಡುವವರು ಕೇಳುವುದು ಇಂಗ್ಲಿಷ್. 1994ರಲ್ಲಿ ಸರ್ಕಾರ ಆದೇಶ ಹೊರಡಿಸಿತು: ಇನ್ನು ಮುಂದೆ ನಾಲ್ಕನೇ ತರಗತಿವರೆಗೆ ಪಾಠ ಕನ್ನಡದಲ್ಲಿ ಅಥವಾ ಮಾತೃಭಾಷೆಯಲ್ಲಿಯೇ ನಡೆಯಬೇಕು.

ಆಗ ನಡೆದದ್ದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಅನುಮತಿ ಕನ್ನಡ ಮಾಧ್ಯಮಕ್ಕೆ, ಪಾಠ ಇಂಗ್ಲಿಷಿನಲ್ಲಿ. ಸಾಹೇಬರು ಬರುತ್ತಾರೆಂದರೆ ಮಕ್ಕಳ ಚೀಲದೊಳಗಿನ ಪುಸ್ತಕ ಬದಲಾಗುತ್ತಿತ್ತು. 2006ರಲ್ಲಿ ಇಂಥ ಎರಡು ಸಾವಿರದಷ್ಟು ಶಾಲೆಗಳ ಮಾನ್ಯತೆ ರದ್ದು ಮಾಡಲು ಸರ್ಕಾರ ಹೊರಟಾಗ ಕಂಗಾಲಾದವರು ತಂದೆತಾಯಿಯರು. ಇದರಲ್ಲಿ ಯಾರೂ ಗಮನಿಸದ ಒಂದು ಲಾಭ ಹಳೆಯ ಕಾನ್ವೆಂಟುಗಳಿಗೆ ಆಯಿತು. ಆದೇಶದ ಬಿಸಿ ತಟ್ಟಿದ್ದು ಹೊಸ ಶಾಲೆಗಳಿಗೆ. ದಶಕಗಳ ಹಿಂದೆಯೇ ಇಂಗ್ಲಿಷ್ ಮಾಧ್ಯಮದ ಮಾನ್ಯತೆ ಪಡೆದವರಿಗೆ ಭಯವಿರಲಿಲ್ಲ. ‘ನಾಳೆ ಮುಚ್ಚಂಗಿಲ್ಲ’ ಎಂಬ ಭರವಸೆ ಹೀಗೆ ಅವುಗಳ ಪಾಲಾಯಿತು. ನಾಯಿಕೊಡೆಗಳಂತೆ ಎದ್ದ ಎಷ್ಟೋ ಶಾಲೆಗಳು ಆಗಲೇ ತಮ್ಮ ಹೆಸರಿನ ಮುಂದೆ ‘ಸೇಂಟ್’ ಸೇರಿಸಿಕೊಂಡವು. ಆಡಳಿತ ಮಂಡಳಿಯಲ್ಲಿ ಒಬ್ಬ ಕ್ರೈಸ್ತನೂ ಇರುತ್ತಿರಲಿಲ್ಲ, ಬೋರ್ಡಿನ ಮೇಲೆ ಸಂತರಿರುತ್ತಿದ್ದರು. ವ್ಯಾಪಾರ ಬಲ್ಲವರಿಗೆ ಯಾವ ಹೆಸರು ಹೋಗುತ್ತದೆಂದು ಗೊತ್ತಿರುತ್ತದೆ.

ಹಳೆಯ ಸಂಸ್ಥೆಗಳೂ ತಮ್ಮದೇ ದಾರಿ ಹುಡುಕಿಕೊಂಡವು. ಒಂದೇ ಕಾಂಪೌಂಡಿನಲ್ಲಿ ಎರಡು ಶಾಲೆ: ಈ ಕಡೆ ಅನುದಾನದ ಕನ್ನಡ ಮಾಧ್ಯಮ, ಆ ಕಡೆ ಫೀಸಿನ ಇಂಗ್ಲಿಷ್ ಮಾಧ್ಯಮ. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಬಿಸಿಯೂಟ ಶುರುವಾಯಿತು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಅದರಲ್ಲಿದ್ದವು. ಮುಂದೆ ಅದು ಅನುದಾನಿತ ಶಾಲೆಗಳಿಗೂ ಬಂದಾಗ ಮಧ್ಯಾಹ್ನದ ಗಂಟೆ ಒಂದೇ, ಊಟ ಎರಡಾಯಿತು. ಈ ಕಡೆಯವರು ತಟ್ಟೆ ಹಿಡಿದು ಸಾಲಿನಲ್ಲಿ, ಆ ಕಡೆಯವರು ಟಿಫಿನ್ ಡಬ್ಬಿ ಬಿಚ್ಚಿಕೊಂಡು ಮರದ ಕೆಳಗೆ. ದಂಡಿನ ಕಾಲದ ಎರಡು ವಂಶಗಳು ಈಗ ಒಂದೇ ಗೋಡೆಯೊಳಗೆ. ಮತದ ಬಗ್ಗೆ ಕೂಗಾಡುವವರೂ ಭಾಷೆಯ ಬಗ್ಗೆ ಕೂಗಾಡುವವರೂ ಈ ಅಂಗಳವನ್ನು ಮಧ್ಯಾಹ್ನದ ಹೊತ್ತು ನೋಡಿದ್ದರೆ ಚೆನ್ನಾಗಿತ್ತು.

ಹೀಗಿದ್ದರೂ ಸಾಲು ಏಕೆ ಬೆಳೆಯಿತು? ರಾಯಚೂರು ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ 59.56; ರಾಜ್ಯದ್ದು ಶೇ 75.36. ಅಂದರೆ ಗೇಟಿನ ಮುಂದೆ ನಿಂತ ಎಷ್ಟೋ ತಾಯಂದಿರಿಗೆ ಅರ್ಜಿ ತುಂಬಿಸಲು ಬೇರೆಯವರು ಬೇಕು. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದವರು ಶಾಲೆಯೇ ಎಲ್ಲವನ್ನೂ ಮಾಡಲಿ ಎಂದು ಬಯಸುತ್ತಾರೆ. ಸರ್ಕಾರಿ ಶಾಲೆಯಲ್ಲಿ ಜೂನ್ ತಿಂಗಳು ಅತಿಥಿ ಶಿಕ್ಷಕರ ದಾರಿ ಕಾಯುವುದರಲ್ಲೇ ಹೋಗುತ್ತದೆ. ಈ ಭಾಗಕ್ಕೆ ನೇಮಕವಾಗಿ ಬಂದವರು ವರ್ಗಾವಣೆ ಸಿಕ್ಕೊಡನೆ ಊರಿಗೆ ಹೊರಡುತ್ತಾರೆ. ಅವರಿಗೂ ಮನೆ ಮಠ ಇದೆ, ಅವರನ್ನು ಬೈದು ಪ್ರಯೋಜನವಿಲ್ಲ. ಸಿಸ್ಟರುಗಳು ಮಾತ್ರ ಶಾಲೆಯ ಆವರಣದಲ್ಲೇ ಇರುತ್ತಾರೆ. ಗಂಟೆ ಹೊಡೆದಾಗ ಯಾರೋ ಒಬ್ಬರು ಕ್ಲಾಸಿನಲ್ಲಿ ಇರುತ್ತಾರೆ. ‘ಅಲ್ಲಿ ಬಾಳ ಕಲಸ್ತಾರಂತಲ್ಲ್ರೀ, ದಿನಾ ಕಲಸ್ತಾರ’ ಎಂದು ಲಿಂಗಸುಗೂರಿನ ತಂದೆಯೊಬ್ಬರು ಹೇಳಿದ್ದರಲ್ಲಿ ಇಡೀ ವಿಷಯ ಇದೆ.

ಹೆಣ್ಣುಮಕ್ಕಳ ವಿಚಾರ ಬೇರೆಯೇ ಹೇಳಬೇಕು. ಎಂಟನೇ ಕ್ಲಾಸಿಗೆ ಮಗಳ ಓದು ನಿಲ್ಲಿಸಬೇಕೆಂದಿದ್ದ ಮನೆಗಳು ‘ಸಿಸ್ಟರ್ ಅದಾರ, ಹೆಣ್ಣುಮಕ್ಕಳ ಸಾಲಿ’ ಎಂದು ಹತ್ತನೆಯವರೆಗೆ ಕಳಿಸಿವೆ. ಮುಸ್ಲಿಂ ಮನೆಗಳಲ್ಲೂ ಲಿಂಗಾಯತ ಮನೆಗಳಲ್ಲೂ ಇದೇ ಮಾತು ಕೇಳಿದ್ದೇನೆ. ಶಿಲುಬೆಗಿಂತ ಕಾಂಪೌಂಡಿನ ಎತ್ತರ ಮುಖ್ಯವಾದ ಸಂದರ್ಭ ಅದು.

ಇನ್ನು ಗುಳೆ. ದೇವದುರ್ಗ, ಕುಷ್ಟಗಿ, ಮಾನ್ವಿಯಿಂದ ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವವರು ಮಕ್ಕಳನ್ನು ಎಲ್ಲಿ ಬಿಡಬೇಕು? ಕೊಪ್ಪಳದ ಗವಿಮಠದ ದಾಸೋಹ ನಿಲಯದಂಥ ಆಸರೆ ಇದೆ, ಸರ್ಕಾರಿ ಹಾಸ್ಟೆಲುಗಳಿವೆ, ಕಡೆಗೆ ಫಾದರುಗಳ ಬೋರ್ಡಿಂಗ್ ಇದೆ. ಮಾನ್ವಿಯ ಪನ್ನೂರಿನ ಕಡೆ ಜೆಸ್ವಿಟ್ ಪಾದ್ರಿಗಳು ದಲಿತ ಮಕ್ಕಳ ನಡುವೆ ಕೆಲಸ ಮಾಡುತ್ತ ಬಂದಿರುವುದು ಈ ಹಳೆಯ ಮಿಷನ್ ವಂಶದ ಮುಂದುವರಿಕೆ. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ಕಾನೂನು 1982ರಲ್ಲೇ ಬಂದರೂ ಆ ತಾಯಂದಿರ ಮಕ್ಕಳಿಗೆ ಅರ್ಜಿಯ ‘ತಂದೆಯ ಹೆಸರು’ ಎಂಬ ಕಾಲಂ ದಶಕಗಳ ಕಾಲ ಗೋಡೆಯಾಗಿ ನಿಂತಿತ್ತು. ಆ ಗೆರೆಯನ್ನು ಖಾಲಿ ಬಿಟ್ಟರೂ ಸೇರಿಸಿಕೊಂಡ ಕಡೆಗೆ ಅವರು ಹೋದರು. ಯಾವ ಧರ್ಮದವರು ನಡೆಸುತ್ತಾರೆ ಎಂದು ಕೇಳುವ ಅನುಕೂಲ ಅವರಿಗೆ ಇರಲಿಲ್ಲ.

2014ರ ಮೇ 6 ಈ ಕತೆಯಲ್ಲಿ ವಿಚಿತ್ರ ದಿನ. ಅಂದು ಸುಪ್ರೀಂ ಕೋರ್ಟ್ ಎರಡು ತೀರ್ಪು ಕೊಟ್ಟಿತು. ಮಾತೃಭಾಷೆಯಲ್ಲೇ ಕಲಿಸಬೇಕೆಂದು ಖಾಸಗಿ ಶಾಲೆಗಳನ್ನು ಸರ್ಕಾರ ಒತ್ತಾಯಿಸುವಂತಿಲ್ಲ ಎಂಬುದು ಒಂದು. ಕರ್ನಾಟಕದ 1994ರ ಆದೇಶ ಅದರೊಂದಿಗೆ ಕೊನೆಯಾಯಿತು. ಶಿಕ್ಷಣ ಹಕ್ಕು ಕಾಯ್ದೆ (ಆರ್‌ಟಿಇ) ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂಬುದು ಇನ್ನೊಂದು. ಬಡ ಮಕ್ಕಳಿಗೆ ಶೇ 25 ಸೀಟು ಕೊಡಬೇಕಾದ ಹೊಣೆ ಅನುದಾನವಿಲ್ಲದ ಕಾನ್ವೆಂಟುಗಳಿಗೆ 2012ರ ತೀರ್ಪಿನಲ್ಲೇ ತಪ್ಪಿತ್ತು, ಈಗ ಅನುದಾನಿತ ಕಾನ್ವೆಂಟುಗಳಿಗೂ ತಪ್ಪಿತು. ಅಲ್ಪಸಂಖ್ಯಾತರು ತಮ್ಮ ಶಾಲೆ ನಡೆಸಿಕೊಳ್ಳಲು ಸಂವಿಧಾನದ 30ನೇ ವಿಧಿ ಕೊಡುವ ರಕ್ಷಣೆ ಅದು, ಸಣ್ಣ ಸಮುದಾಯಕ್ಕೆ ಬೇಕಾದದ್ದೇ. ಆದರೆ ಗಣಿ ಕೂಲಿಯ ಮಗ ಆರ್‌ಟಿಇ ಅರ್ಜಿ ಹಿಡಿದು ಅಲ್ಲಿಗೆ ಹೋಗುವ ದಾರಿ ಆ ದಿನ ಪೂರ್ತಿ ಮುಚ್ಚಿತು. 2019ರ ಹೊತ್ತಿಗೆ ರಾಜ್ಯ ಸರ್ಕಾರವೂ ನಿಯಮ ಬದಲಿಸಿ, ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ ಎಂದಿತು. 2014ರ ಆ ಎರಡನೇ ತೀರ್ಪನ್ನು ಮತ್ತೆ ಪರಿಶೀಲಿಸಬೇಕೇ ಎಂಬ ಪ್ರಶ್ನೆಯನ್ನು 2025ರಲ್ಲಿ ಸುಪ್ರೀಂ ಕೋರ್ಟಿನ ಪೀಠವೇ ಎತ್ತಿದೆ.

ಮತದ ಮಾತು ಜೋರಾದದ್ದು 2022ರಲ್ಲಿ. ಬೆಂಗಳೂರಿನ ಶಾಲೆಯೊಂದರಲ್ಲಿ ಬೈಬಲ್ ತರುವ ವಿಚಾರ ಗದ್ದಲವಾಯಿತು, ಅದೇ ವರ್ಷ ಮತಾಂತರ ನಿಷೇಧ ಕಾಯ್ದೆ ಬಂತು. ಅನುದಾನ ಪಡೆಯುವ ಶಾಲೆ ಯಾವ ಮಗುವನ್ನೂ ಪೋಷಕರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಮೊದಲಿನಿಂದ ಹೇಳಿಕೊಂಡೇ ಬಂದಿದೆ. ನಮ್ಮ ಕಡೆಯ ಕಾನ್ವೆಂಟುಗಳಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮಪಾಠ ನಡೆಯುವ ಹೊತ್ತಿನಲ್ಲಿ ಇತರ ಮಕ್ಕಳಿಗೆ ‘ಮಾರಲ್ ಸೈನ್ಸ್’. ಅದರಲ್ಲಿ ಸುಳ್ಳು ಹೇಳಬಾರದೆಂದು ಕಲಿತದ್ದಾಗಿ ಹೇಳುವ ಹಳೆಯ ವಿದ್ಯಾರ್ಥಿಗಳು ಬಹಳ. ಕಲಿತದ್ದಾಗಿ ಹೇಳುವುದು ಎಷ್ಟು ನಿಜ ಎಂಬುದು ಬೇರೆ ಮಾತು! ಗದ್ದಲದ ಮರುವರ್ಷವೂ ಗೇಟಿನ ಮುಂದಿನ ಸಾಲು ನಾನು ಕಂಡಂತೆ ಕರಗಲಿಲ್ಲ.

ಕರಗಿಸುವ ಪ್ರಯತ್ನ ಬೇರೆ ಕಡೆಯಿಂದ ನಡೆದಿದೆ. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಒಂದು ವಿಷಯವಾಗಿ ಬಂತು, ಆಮೇಲೆ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು, ಈ ಸೀಮೆಗೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ಈ ಭಾಗದ ಅಭಿವೃದ್ಧಿ ಮಂಡಳಿಯ ಹಣ ಶಾಲಾ ಕೊಠಡಿಗಳಿಗೆ ಹರಿದಿದೆ. ಕೊಠಡಿಗಳು ಚೆನ್ನಾಗಿವೆ. ನಾನೂ ಅಂಥದೇ ಒಂದು ಸರ್ಕಾರಿ ಶಾಲೆಯಲ್ಲಿ ಓದಿದವನು. ಮೊನ್ನೆ ಹೋದಾಗ ಹೊಸ ಬಣ್ಣ, ಸ್ಮಾರ್ಟ್ ಬೋರ್ಡ್ ಎರಡೂ ಇದ್ದವು, ಗಣಿತಕ್ಕೆ ಯಾರಿದ್ದಾರೆ ಎಂದು ಕೇಳಿದ್ದಕ್ಕೆ ಹುಡುಗರು ನಕ್ಕರು.

ಇತ್ತ ಕಾನ್ವೆಂಟಿನ ಒಳಗೆ ಈಗ ಹೊಸ ತಾಪತ್ರಯ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಎಲ್ಲ ಶಾಲೆಗಳೂ ಕನ್ನಡ ಕಲಿಸಲೇಬೇಕು. ಮನೆಯಲ್ಲಿ ತೆಲುಗೋ ಉರ್ದುವೋ ಆಡುವ, ಶಾಲೆಯಲ್ಲಿ ಇಂಗ್ಲಿಷ್ ಓದುವ ಮಕ್ಕಳಿಗೆ ಒತ್ತಕ್ಷರ ಬಾಧೆ ಕೊಡುತ್ತದೆ. ಕನ್ನಡ ಮನೆಮಾತಿನ ಮಕ್ಕಳೂ ಇದರಲ್ಲಿ ಹಿಂದೆ ಬಿದ್ದಿಲ್ಲ. ರೀವ್ ನಿಘಂಟಿಗಾಗಿ ಪದ ಕೂಡಿಸಿದ ಬಳ್ಳಾರಿಯಲ್ಲಿ ಸಂಜೆ ಐದರ ಮೇಲೆ ಕನ್ನಡಕ್ಕೆ ಟ್ಯೂಷನ್ ನಡೆಯುತ್ತದೆ. ಹೇಳಿಕೊಡುವವರಲ್ಲಿ ಸರ್ಕಾರಿ ಶಾಲೆಯಿಂದ ನಿವೃತ್ತರಾದ ಮೇಷ್ಟ್ರುಗಳೇ ಹೆಚ್ಚು.