ಗುಂಡಿ ತುಂಬಿದ್ಮೇಲೆ ಏನ್ಮಾಡೋದು? ಮಡಿಕೇರಿ ಬರೆ ಮೇಲಿನ ಮನೆಗಳ ಟಾಯ್ಲೆಟ್ ಕಥೆ

ಮಡಿಕೇರಿಲಿ ಜುಲೈ ತಿಂಗಳಲ್ಲಿ ಟಾಯ್ಲೆಟ್‌ಗೆ ಅಂತ ಹೊಸ ಗುಂಡಿ ತೋಡಿದ್ರೂ ಬೆಳಗಾಗೋದ್ರೊಳಗೆ ನೀರು ನಿಂತಿರತ್ತೆ, ಯಾರೂ ಸುರಿದಿದ್ದಲ್ಲ, ಜಲ ಎದ್ದಿರೋದು. ನಮಗೆ ಪರಿಚಯದ ಅಕ್ಕ ಒಬ್ರ ಮನೆ ಇರೋದು ಬರೆ ಮೇಲೆ, ಅಂದ್ರೆ ಗುಡ್ಡದ ಕಡಿದಾದ ಇಳಿಜಾರಲ್ಲಿ, ರೋಡಿಂದ ಮೂವತ್ತು ನಲವತ್ತು ಮೆಟ್ಲು ಇಳೀಬೇಕು. ಮೂರು ಸಿಮೆಂಟ್ ರಿಂಗ್ ಇಳಿಸಿ ಮೇಲೊಂದು ಸ್ಲ್ಯಾಬ್ ಮುಚ್ಚಿದ್ದಾರೆ, ಅದೇ ಅವರ ಗುಂಡಿ, ಇರೋದು ಸರಿಯಾಗಿ ಕೆಳಗಿನ ಮನೆಯವರ ಅಡುಗೆಮನೆ ಗೋಡೆ ಮೇಲ್ಗಡೆ. ಕಕ್ಕಡದ ಮಳೆ, ಅಂದ್ರೆ ಜುಲೈ-ಆಗಸ್ಟ್ ಮಳೆ, ಹಿಡ್ಕೊಂಡ್ರೆ ಹಾಕಿದ ನೀರು ಕೆಳಗೆ ಹೋಗಲ್ಲ, ಗುಳುಗುಳು ಅಂತ ವಾಪಸ್ ಬರತ್ತೆ, ಮಕ್ಳಿಗೆ ಸ್ಕೂಲಲ್ಲೇ ಹೋಗ್ಬಿಡಿ ಅಂತಾರೆ. ಕೆಳಗಿನವರ ಗೋಡೆ ಒದ್ದೆ ಆಗಿ ಜಗಳ ಶುರು, ಮಳೆ ಬಿಟ್ಟಾಗ ಮತ್ತೆ ಮಾತೂ ಶುರು.

ಇದಕ್ಕೆಲ್ಲ "ಜನಕ್ಕೆ ಅರಿವಿಲ್ಲ" ಅನ್ನೋರನ್ನ ಕಂಡ್ರೆ ನಂಗೆ ಸಿಟ್ಟು ಬರತ್ತೆ. ಅರಿವು ಬೇಕಾದಷ್ಟಿದೆ, ಇಲ್ದೇ ಇರೋದು ಜಾಗ, ಆ ಜಾಗದ ಪೇಪರು, ಆಮೇಲೆ ಗುಂಡಿ ಖಾಲಿ ಮಾಡೋ ದಾರಿ.

ಈ ಜನ ಬರೆ ಮೇಲೆ ಯಾಕೆ ಬಂದು ಕೂತ್ರು ಅಂದ್ರೆ ಕಥೆ ಕಾಫಿ ತೋಟದಿಂದ ಶುರು ಮಾಡ್ಬೇಕು. 1951ರ ಪ್ಲಾಂಟೇಶನ್ ಲೇಬರ್ ಕಾನೂನು ತೋಟದ ಕಾರ್ಮಿಕರಿಗೆ ಮನೆ, ಕುಡಿಯೋ ನೀರು, ಕಕ್ಕಸು ಕೊಡೋದು ಮಾಲೀಕನ ಜವಾಬ್ದಾರಿ ಅಂತ ಹೇಳ್ತು. ಆದ್ರೆ ಅದು ದೊಡ್ಡ ತೋಟಗಳಿಗೆ, ಮುಂದೆ ತಿದ್ದುಪಡಿ ಆಗಿ 5 ಹೆಕ್ಟೇರ್, 15 ಕೆಲಸದವರು ಅನ್ನೋ ಲೆಕ್ಕಕ್ಕೆ ಇಳೀತು, ಅದಕ್ಕಿಂತ ಚಿಕ್ಕ ತೋಟದವ್ರು ಲೆಕ್ಕಕ್ಕಿಲ್ಲ, ಕೊಡಗಲ್ಲಿ ಅಂಥವೇ ಜಾಸ್ತಿ. ಇನ್ನು ಲೈನ್ ಮನೆ, ಅಂದ್ರೆ ತೋಟದಲ್ಲಿ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆ, ಇರೋದು ಕೈಲಾಗೋವರೆಗೆ ಮಾತ್ರ. ವಯಸ್ಸಾಯ್ತು, ಕೆಲಸ ಬಿಡ್ತು, ಮನೆನೂ ಬಿಡು. ಬಿಟ್ಟವರು ಪೈಸಾರಿ ಜಾಗ ಹುಡುಕ್ಕೊಂಡು ಬಂದ್ರು, ಪೈಸಾರಿ ಅಂದ್ರೆ ಸರ್ಕಾರಿ ಜಾಗ ಅಂತ ಹೊರಗಿನವ್ರಿಗೆ ಹೇಳ್ಬೇಕು, ಪಟ್ಟಣದ ಹತ್ರ ಅಂಥದ್ದು ಉಳ್ದಿರೋದೇ ಕಡಿದಾದ ಬರೆ, ತೋಡಿನ (ಸಣ್ಣ ಹಳ್ಳದ) ಬದಿ, ಹೊಳೆ ದಂಡೆ. ಹೋಟೆಲ್, ಲಾಡ್ಜ್, ಗಾರೆ ಕೆಲಸ, ಆಟೋ, ಊರು ನಡೆಯೋದೇ ಇವರಿಂದ.

ಮೊದ್ಲು ಪೇಟೆಗಳಲ್ಲಿ ಗುಂಡಿನೇ ಇಲ್ಲದ ಕಕ್ಕಸುಗಳಿದ್ವು, ಮನುಷ್ಯರೇ ಮಲ ಹೊತ್ಕೊಂಡು ಹೋಗ್ತಿದ್ರು. 1970ರ ದಶಕದಲ್ಲಿ ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ ಅದನ್ನ ನಿಲ್ಲಿಸೋಕೆ ಹೊರಟ್ರು, ಇಡೀ ದೇಶಕ್ಕೆ ಅಂತ ಕಾನೂನು ಬಂದಿದ್ದು 1993ರಲ್ಲಿ, ಇನ್ನೂ ಬಿಗಿಯಾದದ್ದು 2013ರಲ್ಲಿ. ತಲೆ ಮೇಲಿಂದ ಇಳಿದಿದ್ದು ದೊಡ್ಡ ವಿಷ್ಯನೇ, ಆದ್ರೆ ಇಳಿದು ಗುಂಡಿಗೆ ಹೋಯ್ತು, ಗುಂಡಿ ತುಂಬಿದ್ರೆ ಪೈಪ್ ಹಾಕಿ ಹೀರೋ ಸಕ್ಕಿಂಗ್ ಗಾಡಿ ಕರೀಬೇಕು. ನಲವತ್ತು ಮೆಟ್ಲು ಕೆಳಗಿರೋ ಮನೆಗೆ ಆ ಗಾಡಿ ಪೈಪ್ ಎಲ್ಲಿ ಮುಟ್ಟತ್ತೆ? ಆಗ ರಾತ್ರಿ ಜೋರು ಮಳೆ ಬಂದಾಗ ಸ್ಲ್ಯಾಬ್ ಸರಿಸೋದು, ತೋಡಿಗೆ ಬಿಡೋದು. ಬೆಳಿಗ್ಗೆ ಯಾರೂ ಅದರ ಬಗ್ಗೆ ಮಾತಾಡಲ್ಲ.

ಸರ್ಕಾರ ಏನೂ ಮಾಡಿಲ್ಲ ಅನ್ನೋದು ಸುಳ್ಳು. 1973ರಲ್ಲೇ ರಾಜ್ಯದಲ್ಲಿ ಕೊಳೆಗೇರಿ ಕಾನೂನು ಬಂತು, ಆದ್ರೆ ಮೊದ್ಲು ನಿಮ್ಮ ಕಾಲೋನಿ ಕೊಳೆಗೇರಿ ಅಂತ ಘೋಷಣೆ ಆಗ್ಬೇಕು. ಹಕ್ಕುಪತ್ರಕ್ಕೆ ಹಳ್ಳಿ ಕಡೆ 94ಸಿ, ಪಟ್ಟಣದಲ್ಲಿ 94ಸಿಸಿ ಅಂತ ಅರ್ಜಿ. ವೋಟರ್ ಐಡಿ ಇದೆ, ಕರೆಂಟ್ ಮೀಟರ್ ಇದೆ, ಹಕ್ಕುಪತ್ರ ಮಾತ್ರ ಇಲ್ಲ ಅನ್ನೋ ಮನೆ ಎಷ್ಟು ಬೇಕು ನಿಮಗೆ? ನಾಳೆ ಎಬ್ಬಿಸ್ತಾರೇನೋ ಅನ್ನೋ ಜಾಗದಲ್ಲಿ ಯಾರು ಸಾಲ ಮಾಡಿ ಒಳ್ಳೆ ಗುಂಡಿ ಕಟ್ಟಿಸ್ತಾರೆ.

2014ರ ಅಕ್ಟೋಬರ್ 2ಕ್ಕೆ ಸ್ವಚ್ಛ ಭಾರತ್ ಶುರುವಾಯ್ತು, ಹಳ್ಳಿ ಕಡೆ ಟಾಯ್ಲೆಟ್‌ಗೆ 12,000 ರೂಪಾಯಿ, ಪಟ್ಟಣದಲ್ಲಿ ಕೇಂದ್ರದ್ದು 4,000, ಅದರ ಮೇಲೆ ರಾಜ್ಯದ ಪಾಲು. ಬಯಲು ಶೌಚಮುಕ್ತ ಅಂತ ಘೋಷಣೆ ಆದ ರಾಜ್ಯದ ಮೊದಲ ಕೆಲವು ಜಿಲ್ಲೆಗಳಲ್ಲಿ ಕೊಡಗೂ ಒಂದು. ಆದ್ರೆ ಎಣಿಸಿದ್ದು ಮೇಲಿನ ರೂಮನ್ನ, ಕೆಳಗಿನ ಗುಂಡಿನಲ್ಲ. ಎರಡು ಗುಂಡಿ ಮಾಡಿ, ಒಂದು ತುಂಬಿದ್ರೆ ಇನ್ನೊಂದಕ್ಕೆ ತಿರುಗಿಸಿ, ಮೊದಲಿನದ್ದು ಒಣಗಿ ಗೊಬ್ಬರ ಆಗತ್ತೆ ಅಂತ ಆ ಮಾಡೆಲ್ಲು, ಬಯಲುಸೀಮೆಗೆ ಬಹಳ ಚೆನ್ನಾಗಿದೆ, ಇಲ್ಲಿ ಒಂದು ಗುಂಡಿಗೇ ಜಾಗ ಇಲ್ಲ ಮಾರಾಯ್ರೆ, ಜೂನಿಂದ ಸೆಪ್ಟೆಂಬರ್‌ವರೆಗೆ ಒಣಗೋ ಮಾತೇ ಇಲ್ಲ.

ಆಮೇಲೆ 2018ರ ಆಗಸ್ಟ್. ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರ, ಮಂಗಳಾದೇವಿ ನಗರದಲ್ಲಿ ಬರೆ ಜರಿದು ಮನೆಗಳು ಹೋದ್ವು. ಟಾಯ್ಲೆಟ್ ಗುಂಡಿಯಿಂದಲೇ ಕುಸೀತು ಅಂತ ನಾನು ಹೇಳ್ತಿಲ್ಲ, ಮಳೆ ಅಂಥದ್ದು, ಬರೆ ಕಡಿದಿದ್ದೂ ಹಾಗೇ ಇತ್ತು, ಆದ್ರೆ ಕಡಿದ ಬರೆಲಿ ಮನೆಗೊಂದು ಇಂಗುಗುಂಡಿ ಅಂದ್ರೆ ಅದೇ ಮಣ್ಣಿಗೆ ವರ್ಷವಿಡೀ ನೀರು ಕುಡಿಸ್ತಿರೋದು ತಾನೆ. ಸಂತ್ರಸ್ತರಿಗೆ ಜಂಬೂರು, ಕರ್ಣಂಗೇರಿ, ಮದೆನಾಡು ಕಡೆ ಪಕ್ಕಾ ಮನೆಗಳಾದ್ವು. ಪೇಟೆ ಕೆಲಸಕ್ಕೆ ದಿನಾ ಬಸ್ಸು ಹಿಡೀಬೇಕು, ಅದು ಬೇರೆ ಮಾತು. ಮರುವರ್ಷ 2019ರಲ್ಲಿ ನೆಲ್ಯಹುದಿಕೇರಿ, ಕರಡಿಗೋಡು, ಗುಹ್ಯ ಕಡೆ ಕಾವೇರಿ ದಂಡೆಯ ಮನೆಗಳಿಗೆ ಹೊಳೆ ನುಗ್ತು, ಮನೆ ಜೊತೆ ಗುಂಡಿಗಳೂ ಹೊಳೆಗೇ ಸೇರಿದ್ವು.

ಇದೆಲ್ಲಕ್ಕೂ ಯುಜಿಡಿ, ಅಂದ್ರೆ ಒಳಚರಂಡಿ, ಬಂದ್ರೆ ಸರಿಹೋಗತ್ತೆ ಅಂತ ಆವಾಗಿಂದ ಕೇಳ್ತಾನೇ ಇದ್ದೀವಿ, ಅದಕ್ಕೆ ಅಂತ ರೋಡ್ ಅಗೆದಿದ್ದೂ ನೋಡಾಯ್ತು. ಬರ್ಲಿ ಬಿಡಿ. ಆದ್ರೆ ಆ ಪೈಪ್ ಹೋಗೋದು ರೋಡ್ ಅಡಿಲಿ, ಈ ಮನೆಗಳಿರೋದು ರೋಡಿಗಿಂತ ಎಷ್ಟೋ ಕೆಳಗೆ, ಕೊಳಚೆ ನೀರು ತಾನಾಗೇ ಮೇಲಕ್ಕೆ ಹತ್ತಲ್ಲ. ಬರೆ ಬುಡದಲ್ಲಿ, ತೋಡಿನ ಪಕ್ಕ ಇನ್ನೊಂದು ಲೈನ್ ಎಳೀಬೇಕು, ಇಲ್ಲಾಂದ್ರೆ ಪಂಪ್ ಇಡ್ಬೇಕು.

ಅಕ್ಕ ಅಷ್ಟೆಲ್ಲ ಕಾಯೋ ಪೈಕಿ ಅಲ್ಲ. ಹೋದ ಬೇಸಿಗೆಲಿ ಗುಂಡಿ ಮೇಲೆ ಇನ್ನೆರಡು ರಿಂಗ್ ಏರಿಸಿ, ಕಮೋಡನ್ನೂ ಎತ್ತರಿಸಿದ್ರು, ಈಗ ಟಾಯ್ಲೆಟ್ ಒಳಗೆ ಹೋಗೋಕೆ ನಾಲ್ಕು ಮೆಟ್ಲು ಹತ್ಬೇಕು, ತಲೆ ಮಾಡಿನ ಶೀಟಿಗೆ ತಾಗತ್ತೆ. ರಿಂಗಿನ ರೇಟಿಗಿಂತ ಅದನ್ನ ರೋಡಿಂದ ಇಳಿಸಿದ ಕೂಲಿನೇ ಜಾಸ್ತಿ ಆಯ್ತಂತೆ.