ಕೋಟೆ ಬುಡದ ಮನೆಗಳು ಮತ್ತು ನೂರು ಮೀಟರ್ ಲೆಕ್ಕ

ಚಿತ್ರದುರ್ಗದ ಕೋಟೆ ಬುಡದ ಓಣಿಗಳಲ್ಲಿ ಯಾರಾದರೂ ಮನೆ ಮೇಲೊಂದು ರೂಮು ಹಾಕಿಸುತ್ತೇನೆಂದರೆ ಮೊದಲು ಎದುರಾಗುವ ಪ್ರಶ್ನೆ: ‘ನಿಮ್ಮದು ಕೋಟೆ ಗಡಿಯಿಂದ ನೂರು ಮೀಟರ್ ಒಳಗೋ, ಹೊರಗೋ?’ ಸೈಟಿನ ಬೆಲೆಯಿಂದ ಹಿಡಿದು ಅಣ್ಣತಮ್ಮಂದಿರ ಪಾಲಿನವರೆಗೆ ಎಷ್ಟೋ ಮಾತು ಇದರ ಮೇಲೆ ನಿಲ್ಲುತ್ತದೆ.

ಊರೂ ಕೋಟೆಯೂ ಬೇರೆಬೇರೆಯಾಗಿ ಬೆಳೆದವಲ್ಲ. ಪಾಳೆಯಗಾರರ ಕಾಲದಲ್ಲಿ ಪೇಟೆಯೂ ಕೋಟೆಯ ಸುತ್ತುಗಳ ಒಳಗೇ ಇತ್ತು. ರಂಗಯ್ಯನ ಬಾಗಿಲು ಇವತ್ತಿಗೂ ಊರೊಳಗೇ ನಿಂತಿದೆ. ಬೆಟ್ಟದ ಮಳೆನೀರು ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕತಂಗಿಯರ ಹೊಂಡಕ್ಕಿಳಿದು, ಸಿಹಿನೀರು ಹೊಂಡ ಹಾಯ್ದು ಪೇಟೆಯ ಸಂತೆಹೊಂಡ ಸೇರುತ್ತಿತ್ತು. ಕಟ್ಟಿದವರು ಬೆಟ್ಟವನ್ನೂ ಪೇಟೆಯನ್ನೂ ಒಂದೇ ಎಂದು ತಿಳಿದಿದ್ದರು. 1779ರಲ್ಲಿ ಕೋಟೆ ಹೈದರಾಲಿಯ ವಶವಾಯಿತು, 1799ರ ನಂತರ ಮೈಸೂರು ಸಂಸ್ಥಾನದ್ದಾಯಿತು, ಆಮೇಲೆ ಊರು ಬಿ.ಡಿ. ರಸ್ತೆ ಹಿಡಿದು ಬಯಲಿಗೆ ಹಬ್ಬಿತು.

ಪ್ರಾಚೀನ ಸ್ಮಾರಕಗಳ ಕಾಯ್ದೆ ಬಂದದ್ದು 1958ರಲ್ಲಿ. ಅಕ್ಕಪಕ್ಕದ ಮನೆಗಳಿಗೆ ಅದರ ಬಿಸಿ ತಟ್ಟಿದ್ದು 1992ರ ಜೂನ್ 16ರ ಅಧಿಸೂಚನೆಯಿಂದ: ಸಂರಕ್ಷಿತ ಗಡಿಯಿಂದ 100 ಮೀಟರ್ ಕಟ್ಟಡ ಕಟ್ಟಬಾರದ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ಅನುಮತಿ ಪಡೆದೇ ಕಟ್ಟಬೇಕಾದ ನಿಯಂತ್ರಿತ ಪ್ರದೇಶ. ಆದರೂ ದೇಶದ ಹಲವೆಡೆ ನಿಷೇಧಿತ ಪ್ರದೇಶದಲ್ಲೇ ಅನುಮತಿ ಸಿಗುತ್ತಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದು ಕಾನೂನಿಗೆ ವಿರುದ್ಧ ಎಂದಿತು. 2010ರ ತಿದ್ದುಪಡಿ ಆ ಬಾಗಿಲನ್ನು ಪೂರಾ ಮುಚ್ಚಿತು.

ತೊಡಕು ಶುರುವಾಗುವುದು ಇಲ್ಲಿಂದ. ನೂರು ಮೀಟರ್ ಒಳಗೆ ಹೊಸ ಕಟ್ಟಡವಿರಲಿ, ಇರುವ ಮನೆಯನ್ನು ಒಂದಡಿ ಎತ್ತರಿಸಿದರೂ ಅಗಲಿಸಿದರೂ ಅದು ‘ನಿರ್ಮಾಣ’. 1992ಕ್ಕೂ ಹಿಂದಿನ ಮನೆಗಳಿಗೆ ರಿಪೇರಿ, ನವೀಕರಣ ಮಾತ್ರ, ಅದಕ್ಕೂ ಅನುಮತಿ ಬೇಕು. ಇಲ್ಲಿನ ಹಳೇ ಮಾಳಿಗೆ ಮನೆಯನ್ನೇ ನೋಡಿ. ಕಲ್ಲುಮಣ್ಣಿನ ಗೋಡೆ, ಮರದ ತೊಲೆ, ಮೇಲೆ ಮಣ್ಣಿನ ಹೊದಿಕೆ. ಮಳೆಗಾಲಕ್ಕೆ ಮುಂಚೆ ಚೌಳುಮಣ್ಣು ಹರಡಿ ತುಳಿಯದಿದ್ದರೆ ಸೋರುತ್ತದೆ. ತೊಲೆಗೆ ಗೆದ್ದಲು ಹಿಡಿದು ಮಾಳಿಗೆಯನ್ನೇ ಇಳಿಸಬೇಕಾದಾಗ ಅದು ರಿಪೇರಿಯೋ ಪುನರ್ನಿರ್ಮಾಣವೋ? ಮೊದಲನೆಯದಕ್ಕೆ ಅವಕಾಶವಿದೆ, ಎರಡನೆಯದಕ್ಕಿಲ್ಲ. ಅರ್ಜಿ ಹಿಡಿದು ಓಡಾಡಲಾಗದವರು ಮಾಳಿಗೆ ಮೇಲೆ ಟಾರ್ಪಾಲು ಹೊದಿಸುತ್ತಾರೆ. ಮಕ್ಕಳು ಮದುವೆಯಾದ ಮೇಲೆ ಹೊಸ ಬಡಾವಣೆಗೆ ಹೋಗುತ್ತಾರೆ, ಓಣಿಯಲ್ಲಿ ವಯಸ್ಸಾದವರು ಉಳಿಯುತ್ತಾರೆ. ಮುನ್ನೂರು ಮೀಟರ್ ದಾಟಿದರೆ ಅಂಥದ್ದೇ ಮಾಳಿಗೆ ಮನೆ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸಲು ಈ ಕಾಯ್ದೆಯ ಅಡ್ಡಿಯಿಲ್ಲ. ಗೆರೆಯ ಒಳಗೆ ಮನೆ ಕುಸಿಯುತ್ತದೆ, ಹೊರಗೆ ಕೆಡವುತ್ತಾರೆ; ಎರಡೂ ಕಡೆ ಕಳೆದುಹೋಗುವುದು ಹಳೇ ಪೇಟೆಯೇ.

2018ರ ಜನವರಿಯಲ್ಲಿ ಲೋಕಸಭೆ ಇನ್ನೊಂದು ತಿದ್ದುಪಡಿಗೆ ಒಪ್ಪಿತು; ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. ಅದರಲ್ಲಿದ್ದದ್ದು ನಿಷೇಧಿತ ಪ್ರದೇಶದಲ್ಲಿ ಕೇಂದ್ರದ ಸಾರ್ವಜನಿಕ ಕಾಮಗಾರಿಗಳಿಗೆ ವಿನಾಯಿತಿ. ವಾಸದ ಮನೆಗಳ ಪ್ರಸ್ತಾಪವಿರಲಿಲ್ಲ.

ಹಾಗೆಂದು ಕಾಯ್ದೆಯನ್ನೇ ತೆಗೆಯಬೇಕೆಂದರೆ ಒಪ್ಪಲಾಗದು. ಗೆರೆ ಇಲ್ಲದಿದ್ದರೆ ಬುರುಜುಗಳಿಗೆ ಒತ್ತಿಕೊಂಡೇ ಲಾಡ್ಜುಗಳು ಏಳುತ್ತಿದ್ದವು. 2010ರ ತಿದ್ದುಪಡಿಯಲ್ಲೇ ಒಂದು ದಾರಿಯಿದೆ: ಪ್ರತಿ ಸ್ಮಾರಕಕ್ಕೂ ಅದರದೇ ಪಾರಂಪರಿಕ ಬೈಲಾ, ಅಂದರೆ ಉಪನಿಯಮ. ಕಟ್ಟಡದ ಎತ್ತರ, ಮುಂಭಾಗ, ಚರಂಡಿ ಎಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ದುರ್ಗದ ಬೈಲಾದಲ್ಲಿ ಮಾಳಿಗೆ ಇಳಿಸಿ ಅದೇ ಅಳತೆಯಲ್ಲಿ ಮತ್ತೆ ಕಟ್ಟುವುದನ್ನು ರಿಪೇರಿ ಎಂದು ಸ್ಪಷ್ಟವಾಗಿ ಬರೆಯಬೇಕು, ಅದಕ್ಕೆ ಕಾಯ್ದೆ ಬದಲಾಗಬೇಕಿದ್ದರೆ ಸಂಸದರನ್ನು ಕೇಳಬೇಕು. ಕರಡು ಕನ್ನಡದಲ್ಲಿ, ವಾರ್ಡ್ ಸಭೆಯಲ್ಲಿ, ಕೋಟೆ ಬುಡದ ಬುರುಜನಹಟ್ಟಿಯವರ ಮುಂದೆ ಓದಬೇಕು.