ಬೆರ್ನೊಲಾಕೊವೊ: ಒಂದು ಊರು, ನಾಲ್ಕು ಹೆಸರು, ಬೇರೆ ಬೇರೆ ತಲೆಲೆಕ್ಕ

ಸ್ಲೊವಾಕಿಯಾದ ಬೆರ್ನೊಲಾಕೊವೊ ಎಂಬ ಊರಿನ ಚರಿತ್ರೆ ಹುಡುಕುವಾಗ 1948 ಎಂಬ ಇಸವಿ ತಲೆಯಲ್ಲಿರಲಿ. ಅದಕ್ಕೂ ಹಿಂದಿನ ದಾಖಲೆಗಳಲ್ಲಿ ಬೆರ್ನೊಲಾಕೊವೊ ಎಂದು ಹುಡುಕಿದರೆ ಕೈಗೆ ಏನೂ ಹತ್ತುವುದಿಲ್ಲ. ಊರಿನ ಹಳೆಯ ಸ್ಲೊವಾಕ್ ಹೆಸರು ಚೆಕ್ಲೀಸ್. ಹಂಗೇರಿಯನ್ನರಿಗೆ ಅದು ಚೆಕ್ಲೇಸ್, ಜರ್ಮನ್ನರಿಗೆ ಲಾನ್‌ಶ್ಯುಟ್ಸ್. ಲಿಖಿತ ದಾಖಲೆಯಲ್ಲಿ ಊರು ಮೊದಲು ಕಾಣುವುದು 1209ರಲ್ಲಿ.

ಊರು ರಾಜಧಾನಿ ಬ್ರಾಟಿಸ್ಲಾವಾದ ಈಶಾನ್ಯಕ್ಕೆ, ಸೆನೆತ್ಸ್ ಜಿಲ್ಲೆಯಲ್ಲಿದೆ. ಹಂಗೇರಿಯ ಕುಲೀನ ಎಸ್ಟರ್‌ಹಾಜಿ ಮನೆತನದ ಬರೋಕ್ ಶೈಲಿಯ ಅರಮನೆ ಎದ್ದದ್ದು 18ನೇ ಶತಮಾನದ ಆರಂಭದಲ್ಲಿ. ಅದೇ ಶತಮಾನದಲ್ಲಿ ಅದೇ ಮನೆತನ ಇಲ್ಲಿ ಹತ್ತಿ ಬಟ್ಟೆಯ ಕಾರ್ಖಾನೆಯನ್ನೂ ನಡೆಸಿತು. 1787ರಲ್ಲಿ ಸ್ಲೊವಾಕ್ ಭಾಷೆಗೆ ಬರವಣಿಗೆಯ ಮೊದಲ ಕಟ್ಟುಪಾಡು ಹಾಕಿದ ಪಾದ್ರಿ ಆಂಟನ್ ಬೆರ್ನೊಲಾಕ್ ಅದೇ ವರ್ಷದಿಂದ ಕೆಲಕಾಲ ಇಲ್ಲಿ ಸಹಾಯಕ ಪಾದ್ರಿಯಾಗಿದ್ದ. ಹೊಸ ಹೆಸರು ಅವನದೇ. 1948ರಲ್ಲಿ ದಕ್ಷಿಣ ಸ್ಲೊವಾಕಿಯಾದ ಅನೇಕ ಊರುಗಳಿಗೆ ಹೀಗೆ ಸ್ಲೊವಾಕ್ ನಾಯಕರ ಹೆಸರಿಟ್ಟರು: ಪಾರ್ಕಾನ್ ಷ್ಟೂರೊವೊ ಆಯಿತು, ಗೂಟಾ ಕೊಲಾರೊವೊ ಆಯಿತು. ಬೆರ್ನೊಲಾಕೊವೊ ವಿಷಯದಲ್ಲಿ ಹೆಸರಿನವನು ನಿಜಕ್ಕೂ ಆ ಊರಲ್ಲಿ ಬದುಕಿದ್ದವನು ಎಂಬುದು ಸಮಾಧಾನ.

ಹಳೆಯ ಹಂಗೇರಿಯನ್ ಸೂಚಿಯಲ್ಲಿ ಹುಡುಕುವಾಗ ಒಂದು ಎಚ್ಚರಿಕೆ. ಚೆಕ್ಲೇಸ್‌ನ ಮೊದಲ ಧ್ವನಿಯನ್ನು ಹಂಗೇರಿಯನ್‌ನಲ್ಲಿ ಸಿ ಮತ್ತು ಎಸ್ ಸೇರಿಸಿ ಬರೆಯುತ್ತಾರೆ, ಆದರೆ ಅವರ ವರ್ಣಮಾಲೆಯಲ್ಲಿ ಅದು ಒಂದೇ ಅಕ್ಷರ. ಸಿ ಪುಟಗಳೆಲ್ಲ ಮುಗಿದ ಮೇಲೆ ಅದರ ಸರದಿ. ಸ್ಲೊವಾಕ್‌ನಲ್ಲೂ ತಲೆಯ ಮೇಲೆ ಗುರುತಿರುವ ಸಿ, ಬರಿಯ ಸಿ ಮುಗಿದ ಮೇಲೆಯೇ ಬರುತ್ತದೆ. ಇಂಗ್ಲಿಷ್ ಕ್ರಮದ ಅಭ್ಯಾಸದಲ್ಲಿ ಪುಟ ತಿರುಗಿಸಿದರೆ "ಊರೇ ಇಲ್ಲ" ಎಂದು ತಪ್ಪಾಗಿ ಬರೆದುಕೊಳ್ಳುತ್ತೇವೆ. ಜಿಲ್ಲೆಯ ಹೆಸರೂ ಹಾಗೆಯೇ: ಊರು ಹಂಗೇರಿ ರಾಜ್ಯದಲ್ಲಿದ್ದ ಆ ಕಾಲದಲ್ಲಿ ಇದು ಪೊಜೋನಿ ಕೌಂಟಿ. ಪೊಜೋನಿ, ಪ್ರೆಸ್‌ಬರ್ಗ್, ಬ್ರಾಟಿಸ್ಲಾವಾ ಮೂರೂ ಒಂದೇ ನಗರ.

ಇಷ್ಟು ದೊಡ್ಡದಾದರೂ "ಗ್ರಾಮ" ಏಕೆ?

ಸ್ಲೊವಾಕ್ ಕಾನೂನಿನ "ಒಬೆತ್ಸ್" ಎಂಬ ಪದವನ್ನು ಗ್ರಾಮ ಎಂದು ಕಣ್ಣುಮುಚ್ಚಿ ಅನುವಾದಿಸಬೇಡಿ. ಅದು ಸ್ಥಳೀಯ ಆಡಳಿತ ಘಟಕದ ಹೆಸರು. ಪಟ್ಟಣವೂ, ಅಂದರೆ "ಮೆಸ್ಟೊ"ವೂ, ಒಂದು ಒಬೆತ್ಸ್. 1990ರ 369ನೇ ಕಾಯ್ದೆ ಪಟ್ಟಣವಾಗಲು ಕೇಳುವ ಸಾಮಾನ್ಯ ಮಿತಿ 5,000 ಜನ. ಆದರೆ ಆ ಗಡಿ ದಾಟಿದ ಮಾತ್ರಕ್ಕೆ ಬೋರ್ಡು ಬದಲಾಗುವುದಿಲ್ಲ, ಪಟ್ಟಣವೆಂದು ಘೋಷಣೆಯಾಗಬೇಕು. ಅದಕ್ಕೇ ಬೆರ್ನೊಲಾಕೊವೊ, ಸ್ಪಿಷ್ ಸೀಮೆಯ ಸ್ಮಿಜಾನಿ ಇಷ್ಟು ಬೆಳೆದೂ ಗ್ರಾಮಗಳಾಗಿವೆ.

ಇಡೀ ಸ್ಲೊವಾಕಿಯಾದ ಒಟ್ಟು ಎಣಿಕೆಯಲ್ಲೂ ಇದೇ ಗೊಂದಲ. ಒಂದು ಕಡೆ 2,890 ಒಬೆತ್ಸ್, ಇನ್ನೊಂದು ಕಡೆ 2,927 ಎಂದಿದ್ದರೆ ಎರಡೂ ಸರಿ. ಬ್ರಾಟಿಸ್ಲಾವಾದ 17, ಕೊಷಿಟ್ಸೆಯ 22 ಭಾಗಗಳನ್ನು ಪ್ರತ್ಯೇಕ ಎಣಿಸಿದರೆ 39. ಎರಡು ನಗರಗಳನ್ನು ತೆಗೆದರೆ 37 ಹೆಚ್ಚು.

ಜನಸಂಖ್ಯೆಯ ಸಾಲು ಓದುವುದು

ಈ ಟಿಪ್ಪಣಿಯ ತಿರುಳು ಇಲ್ಲಿದೆ. 1720ರ ಪಟ್ಟಿಯಿಂದ 2021ರವರೆಗಿನ ಸಂಖ್ಯೆಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ ನಕ್ಷೆ ಎಳೆಯಬಾರದು, ಏಕೆಂದರೆ ಎಣಿಸಿದ ವಸ್ತುವೇ ಬದಲಾಗಿದೆ.

1715 ಮತ್ತು 1720ರದು ತೆರಿಗೆ ಪಟ್ಟಿ. ಅಲ್ಲಿ ಸಿಗುವುದು ತೆರಿಗೆ ಕಟ್ಟುವ ಮನೆಗಳು, ತಲೆಗಳಲ್ಲ. ಕುಲೀನ ವರ್ಗ ಅದರಲ್ಲಿಲ್ಲ, ಬಡವರು ಎಷ್ಟೋ ಕಡೆ ಬಿಟ್ಟುಹೋಗಿದ್ದಾರೆ. ಮನೆಗೆ ಐದು ಎಂದು ಗುಣಿಸಿದರೆ ಊರಿನ ಜನಸಂಖ್ಯೆ ಬಂತೆಂದು ತಿಳಿಯಬೇಡಿ. ನಿಜವಾದ ತಲೆಲೆಕ್ಕ 1780ರ ದಶಕದ ಚಕ್ರವರ್ತಿ 2ನೇ ಜೋಸೆಫ್‌ನ ಕಾಲದ್ದು, ಆಧುನಿಕ ರೀತಿಯದು 1869ರದು.

1880ರಿಂದ 1910ರವರೆಗೆ ಹಂಗೇರಿ ಕೇಳಿದ್ದು ಮಾತೃಭಾಷೆ. 1921ರಲ್ಲಿ ಚೆಕೊಸ್ಲೊವಾಕಿಯಾ ಕೇಳಿದ್ದು ರಾಷ್ಟ್ರೀಯತೆ. ಒಂದೇ ಬೀದಿಯ ಒಂದು ಯಹೂದಿ ಕುಟುಂಬವನ್ನು ಊಹಿಸಿಕೊಳ್ಳಿ. 1910ರಲ್ಲಿ ಆಡುಮಾತು ನೋಡಿ ಅವರನ್ನು ಹಂಗೇರಿಯನ್ ಅಥವಾ ಜರ್ಮನ್ ಅಂಕಣಕ್ಕೆ ಹಾಕಿದ್ದರು. 1921ರಲ್ಲಿ ಯಹೂದಿ ಎಂದೇ ಬರೆಸಬಹುದಿತ್ತು. ಕುಟುಂಬ ಹೊಸಿಲು ದಾಟಿಲ್ಲ, ಅಂಕಣ ಮಾತ್ರ ಬದಲಾಗಿದೆ! ಆದ್ದರಿಂದ 1910 ಮತ್ತು 1921ರ ನಡುವೆ ಹಂಗೇರಿಯನ್ನರು ಇಳಿದದ್ದನ್ನೆಲ್ಲ ವಲಸೆ ಎಂದು ಬರೆದರೆ ತಪ್ಪು. ವಲಸೆಯೂ ಇತ್ತು, ಅದರ ಪಾಲು ಎಷ್ಟೆಂದು ಈ ಎರಡು ಸಂಖ್ಯೆಗಳ ವ್ಯತ್ಯಾಸ ಒಂದೇ ಹೇಳಲಾರದು. 1950ರ ಅಂಕಿಗೂ ಇದೇ ಎಚ್ಚರ. ಯುದ್ಧಾನಂತರ ಜರ್ಮನ್ನರ ಹೊರಹಾಕುವಿಕೆ, ಹಂಗೇರಿಯ ಜೊತೆ ಜನವಿನಿಮಯ, ಭಯಕ್ಕೆ ಗುರುತು ಮುಚ್ಚಿಟ್ಟವರು, ಎಲ್ಲವೂ ಅದರೊಳಗೆ ಕಲಸಿಕೊಂಡಿವೆ.

ನನ್ನ ಉಪಾಯ ಸರಳ: ಪ್ರತಿ ಸಂಖ್ಯೆಯ ಪಕ್ಕ "ಯಾರನ್ನು ಎಣಿಸಿದರು, ಏನು ಕೇಳಿದರು" ಎಂದು ಎರಡೇ ಪದ ಬರೆಯಿರಿ. ಎರಡೂ ಒಂದೇ ಇದ್ದರೆ ಹೋಲಿಸಿ, ಇಲ್ಲದಿದ್ದರೆ ನಡುವೆ ಗೆರೆ ಎಳೆದುಬಿಡಿ.

ಇತ್ತೀಚಿನ ದಶಕಗಳ ಏರಿಕೆಗೆ ಕಾರಣ ರಾಜಧಾನಿಯ ಪಕ್ಕದ ಹೊಸ ಮನೆಗಳು. ಇಲ್ಲಿ "ಟ್ರ್ವಲೀ ಪೊಬಿಟ್", ಅಂದರೆ ನೋಂದಾಯಿತ ಕಾಯಂ ವಾಸ, ನೆನಪಿಡಿ. ಮನೆ ಇಲ್ಲಿ, ನೋಂದಣಿ ಬ್ರಾಟಿಸ್ಲಾವಾದಲ್ಲಿ ಎಂಬ ಕುಟುಂಬ ಊರಿನ ಅಧಿಕೃತ ಸಂಖ್ಯೆಗೆ ಸೇರುವುದಿಲ್ಲ. ಆದಾಯ ತೆರಿಗೆಯಲ್ಲಿ ಊರಿಗೆ ಬರುವ ಪಾಲಿನ ಲೆಕ್ಕಕ್ಕೂ ನೋಂದಾಯಿತ ನಿವಾಸಿಗಳೇ ಆಧಾರ. ನೋಂದಣಿ ಇಲ್ಲದವರ ಕಸ ಮಾತ್ರ ಊರೇ ಎತ್ತಬೇಕು.